ತೆಂಕಬಂದರು ಯಾರದು

ಬೇರೆ ಊರುಗಳಲ್ಲಿ ಮಕ್ಕಳು ಪರೀಕ್ಷೆಗೆ ಮುಂಚೆ ಹೆದರುತ್ತಾರಂತೆ. ನಮ್ಮೂರಿನಲ್ಲಿ ಹೆದರಿಕೆ ಶುರುವಾಗುವುದು ಪಾಸಾದ ಮೇಲೆ. ಡಿಗ್ರಿ ಕಾಲೇಜೇನೋ ಇದೆ, ಕಲ್ಲಿನ ಕಟ್ಟಡ, ಬೈದು ಬುದ್ಧಿ ಹೇಳುವ ಮೇಷ್ಟರುಗಳು, ಎಲ್ಲ ಸರಿಯೇ. ಆದರೆ ಅಲ್ಲಿ ಓದಿ ಹೊರಬಿದ್ದವರಿಗೆ ಊರಿನೊಳಗೆ ಮಾಡಲು ಕೆಲಸವಿಲ್ಲ. ಯಾವುದಾದರೂ ಪಟ್ಟಣ ಹಿಡಿಯಲೇಬೇಕು. ಹಿಡಿಯುವುದಕ್ಕೆ ಇರುವ ತೊಡಕು ಒಂದೇ. ನಮ್ಮೂರಿನವರು ಒಂದು ಪಟ್ಟಣದಲ್ಲಿ ಒಬ್ಬರೇ ಇರಬಹುದು.

ನೆಂಟರ ಹಾಗೆ ಹೋಗಿ ಬರಬಹುದು, ಹೋಟೆಲಿನಲ್ಲಿ ಉಂಡು, ಛತ್ರದಲ್ಲಿ ಮಲಗಿ ಎದ್ದು ಬರಬಹುದು. ಹಾಲು ಉಕ್ಕಿಸಬಾರದು, ಅಷ್ಟೇ. ಹೊಸದಾಗಿ ಹೋದವರು ಅಲ್ಲಿ ಒಲೆ ಹೂಡಿ ಹಾಲು ಉಕ್ಕಿಸಿದರೆಂದರೆ ಪಟ್ಟಣ ಅವರದಾಯಿತು. ಮೊದಲು ಅಲ್ಲಿ ಒಲೆ ಹೂಡಿದ್ದವರು ಆಮೇಲೆ ಅಲ್ಲಿರುವುದಿಲ್ಲ. ಇನ್ನೆಲ್ಲೂ ಇರುವುದಿಲ್ಲ. ಸತ್ತರು ಎನ್ನುವುದಕ್ಕೂ ಆಗದು, ಸತ್ತವರ ಹೆಸರಾದರೂ ಉಳಿಯುತ್ತದೆ. ಇವರದು ಮೊದಲು ಹೆಸರು ಹೋಗುತ್ತದೆ, ಮಿಕ್ಕದ್ದು ಒಂದೊಂದಾಗಿ ಹೋಗುತ್ತದೆ. ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಫೋಟೋ ಇದೆ. ಅಜ್ಜ ಕುರ್ಚಿಯಲ್ಲಿ ಕೂತಿದ್ದಾನೆ, ಅಜ್ಜನ ಹೆಗಲಿಗೆ ಕೈಹಾಕಿ, ಅಜ್ಜನದೇ ಮೂಗು ಹೊತ್ತ ಹುಡುಗನೊಬ್ಬ ನಿಂತಿದ್ದಾನೆ. ಅಜ್ಜ ಆಗಾಗ ಆ ಫೋಟೋದ ಮುಂದೆ ನಿಂತು, “ಇವ ಯಾಂವ? ಭಾಳ ಸಲಿಗೀಲೆ ನಿಂತಾನಲ್ಲ” ಎಂದು ಕೇಳುತ್ತಿದ್ದ. ನಾವೆಲ್ಲ ಬೇರೆ ಮಾತು ತೆಗೆಯುತ್ತಿದ್ದೆವು.

ಇದಕ್ಕೆ ನಮ್ಮ ಜನ ಚೆನ್ನಾಗಿಯೇ ಹೊಂದಿಕೊಂಡಿದ್ದಾರೆ. ಪಟ್ಟಣ ಹಿಡಿದವರು ಸಾಮಾನ್ಯವಾಗಿ ಹೊರಗಿನವರನ್ನೇ ಮದುವೆಯಾಗುತ್ತಾರೆ, ಹೊರಗಿನವರಿಗೆ ಈ ತೊಡಕಿಲ್ಲ. ವಯಸ್ಸಾದವರು ಒಲೆ ಎತ್ತಿಕೊಂಡು ಊರಿಗೆ ಬಂದು ಮೊಮ್ಮಕ್ಕಳಿಗೆ ಪಟ್ಟಣ ಬಿಟ್ಟುಕೊಡುತ್ತಾರೆ. ಕೆಲವು ಮುದುಕರು ಬರುವುದೇ ಇಲ್ಲ, ಅಂಥವರ ಆರೋಗ್ಯವನ್ನು ಊರಿನವರು ಬಹಳ ಅಕ್ಕರೆಯಿಂದ ವಿಚಾರಿಸುತ್ತಿರುತ್ತಾರೆ. ಮತ್ತು ಪ್ರತಿ ಸೋಮವಾರ ಹೊತ್ತು ಮುಳುಗುವಾಗ ಚಾವಡಿಯ ಮುಂದಿನ ಕೂಗುಕಟ್ಟೆಯ ಹತ್ತಿರ ಎಲ್ಲರೂ ಸೇರುತ್ತಾರೆ. ಓಣಿಯ ಪ್ರಕಾರ ಒಬ್ಬೊಬ್ಬರೇ ಎದ್ದು ಕೂಗಬೇಕು. ಪಟ್ಟಣದ ಹೆಸರು, ಅಲ್ಲಿರುವವರ ಹೆಸರು, ಎರಡೂ ಬರಬೇಕು. “ಮಂಡಿಪುರ ನಮ್ಮದು, ಮಗ ಚನ್ನಬಸು ಅದಾನ” ಎಂದು ನಮ್ಮವ್ವ ಕೂಗುತ್ತಾಳೆ. ಚನ್ನಬಸು ನನ್ನ ಅಣ್ಣ. ಮೂರು ಸೋಮವಾರ ಒಂದು ಮನೆ ಸುಮ್ಮನಿದ್ದರೆ ಆ ಪಟ್ಟಣ ಖಾಲಿ ಎಂದು ಲೆಕ್ಕ, ಬೇಕಾದವರು ಎದ್ದು ಕೂಗಬಹುದು. ಯಾಕೆ ಸುಮ್ಮನಾದಿರಿ ಎಂದು ಆ ಮನೆಯವರನ್ನು ಕೇಳುವ ಪದ್ಧತಿಯಿಲ್ಲ. ಮಗನನ್ನೋ ಮಗಳನ್ನೋ ಕಳೆದುಕೊಂಡವರ ಬಾಯಿಂದ ಅದನ್ನು ಹೇಳಿಸಬಾರದೆಂದು ಹಿರಿಯರು ಮಾಡಿದ ಮರ್ಯಾದೆ ಅದು. ಆ ಮನೆಯ ಸುದ್ದಿ ಏನೇ ಸಿಕ್ಕರೂ ಮೊದಲು ಆ ಮನೆಗೇ ಮುಟ್ಟಿಸಬೇಕು, ಹೊರಗೆ ಆಡಬಾರದು.

ನಾನು ಡಿಗ್ರಿ ಮುಗಿಸಿದಾಗ ಖಾಲಿ ಇದ್ದದ್ದು ಒಣಕಣವಿ ಒಂದೇ. ಅಲ್ಲಿಗೆ ಹೋಗಿದ್ದವನು ತಾನಾಗಿಯೇ ಒಲೆ ಎತ್ತಿಕೊಂಡು ಬಂದು, ಅಲ್ಲಿ ನಾಯಿ ಕೂಡ ಬೇಸರದಿಂದ ಬೊಗಳುತ್ತದೆ ಎಂದು ಹೇಳಿದ್ದ. ನನಗಿಂತ ಎರಡು ವರ್ಷ ಮುಂಚೆ ಪಾಸಾದ ಶ್ರೀಶೈಲ ಒಣಕಣವಿ ಬೇಡವೆಂದು ಕಾಯುತ್ತ ಕೂತಿದ್ದ. ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯೇ ಅವನ ಕಚೇರಿ. ಯಾರು ಬಂದರು, ಯಾರು ಹೋದರು ಎಂದು ನೋಡುತ್ತ, ಹಳೆಯ ಪೇಪರು ಓದುತ್ತ ಇರುತ್ತಿದ್ದ. ಒಳ್ಳೆಯ ಹುಡುಗನೇ. ನಾನೂ ಅವನ ಹಾಗೆ ಆಗಿಬಿಡುತ್ತೇನೆಂದು ಅವ್ವನಿಗೆ ಎದೆಗುದಿ.

ನಮ್ಮ ಪಕ್ಕದ ಮನೆ ನೀಲಗಂಗವ್ವನದು. ನಾನು ದೊಡ್ಡವ್ವ ಎನ್ನುತ್ತಿದ್ದೆ. ಆಕೆಯ ಒಬ್ಬಳೇ ಮಗಳು ತೆಂಕಬಂದರಿನಲ್ಲಿದ್ದಳು. ಈ ಮಗಳ ವಿಷಯ ನೆನಪಿರುವಾಗಲೇ ಹೇಳಿಬಿಡುತ್ತೇನೆ. ನನಗೆ ಸೈಕಲ್ ಕಲಿಸಿದವಳು ಆಕೆ. ಎತ್ತರದ ಹುಡುಗಿ, ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು, ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಬಂದರಿನ ಕಡೆಯ ಹುಡುಗನನ್ನು ಮದುವೆಯಾದಳು, ಅದಕ್ಕೆ ತಾಯಿಯ ಸಿಟ್ಟೇನೂ ಇರಲಿಲ್ಲ. ಆದರೆ ಮರುವರ್ಷ ತಂದೆ ತೀರಿಕೊಂಡಾಗ ಅಕ್ಕ ಮಣ್ಣಿಗೆ ಬರಲಿಲ್ಲ. ತುಂಬಿದ ಬಸುರಿ, ಎದ್ದು ಕೂರುವ ಹಾಗಿರಲಿಲ್ಲ. ನೀಲಗಂಗವ್ವನಿಗೆ ಅದು ತಲೆಗೆ ಹೋಗಲಿಲ್ಲ. ಇನ್ನು ಮೇಲೆ ನನಗೆ ಕಾಗದ ಬರೆಯಬೇಡ, ನಾನೂ ಬರೆಯುವುದಿಲ್ಲ ಎಂದು ಹೇಳಿ ಕಳಿಸಿದಳು. ಆದರೂ ಸೋಮವಾರ ಮಾತ್ರ ತಪ್ಪದೆ ಎದ್ದು ಕೂಗುತ್ತಿದ್ದಳು.

ನನ್ನ ರಿಸಲ್ಟು ಬಂದ ತಿಂಗಳೇ ಒಂದು ಸೋಮವಾರ ನೀಲಗಂಗವ್ವ ಕೂಗಲಿಲ್ಲ. ಗಂಟಲು ಕಟ್ಟಿರಬೇಕು ಎಂದುಕೊಂಡೆವು. ಮುಂದಿನ ವಾರವೂ ಕೂಗಲಿಲ್ಲ. ಅವತ್ತು ಮನೆಗೆ ಬಂದವಳೇ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಪಾಪ, ಆ ಹುಡುಗಿಗೆ ಏನಾತೋ ಏನೋ” ಎಂದಳು. ಅತ್ತು ಮುಗಿದ ಮೇಲೆ ನನ್ನ ಕಡೆ ನೋಡಿದಳು. ಮೂರನೆಯ ಸೋಮವಾರ ನೀಲಗಂಗವ್ವ ತನ್ನ ಸರದಿ ಬಂದಾಗ ನೆಲ ನೋಡುತ್ತ ಕೂತಳು. ಶ್ರೀಶೈಲ ಆಚೆ ತುದಿಯಲ್ಲಿ ಎದ್ದು ನಿಲ್ಲುತ್ತಿದ್ದ. ಅವ್ವ ನನ್ನ ತೋಳು ಚಿವುಟಿದಳು, ನನಗಿಂತ ಮೊದಲು ನನ್ನ ಬಾಯಿ ಎದ್ದಿತು.

“ತೆಂಕಬಂದರು ನಮ್ಮದು. ನಾನು ದಾಕ್ಷಾಯಣಿ, ಹೋಗ್ತೀನಿ.”

ಶ್ರೀಶೈಲ ಕೂತ. ನೀಲಗಂಗವ್ವ ತಲೆ ಎತ್ತಿ ನನ್ನನ್ನು ನೋಡಿದಳು, ಏನೋ ಹೇಳುವವಳ ಹಾಗೆ ತುಟಿ ಅಲ್ಲಾಡಿತು, ಮತ್ತೆ ನೆಲ ನೋಡಿದಳು. ಹೊರಡುವ ದಿನ ಅಪ್ಪಣೆ ಕೇಳಲು ಅವರ ಮನೆಗೆ ಹೋದೆ. “ದೊಡ್ಡವ್ವ, ಹೋಗಿ ಬರ್ತೀನಿ” ಎಂದೆ. ಆಕೆ ನನ್ನ ಕೈ ಹಿಡಿದುಕೊಂಡವಳು ಬಿಡಲಿಲ್ಲ.

“ಏನರ ಕೇಳೂದಿತ್ತೇನು?” ಎಂದಳು.

“ಇಲ್ಲ ದೊಡ್ಡವ್ವ.”

“ಕೇಳೂದಿದ್ರ ಕೇಳು.”

ಕೇಳುವ ಪದ್ಧತಿಯಿಲ್ಲವಲ್ಲ. ಮಗಳನ್ನು ಕಳೆದುಕೊಂಡ ತಾಯಿ ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಂಡು ಕಾಲಿಗೆ ಬಿದ್ದು ಬಂದುಬಿಟ್ಟೆ.

ತೆಂಕಬಂದರು ದೊಡ್ಡ ಪಟ್ಟಣ. ಬಸ್ಸಿಳಿದ ಕೂಡಲೇ ಮೀನಿನ ವಾಸನೆ, ಉಪ್ಪು ಗಾಳಿ, ಎತ್ತ ನೋಡಿದರೂ ಇಳಿಜಾರಿನ ಬೀದಿಗಳು. ಬಲೆ ಮಾರುವ ಅಂಗಡಿಯ ಮೇಲೆ ಒಂದು ಕೋಣೆ ಗೊತ್ತುಮಾಡಿದೆ. ಟ್ರಂಕು ಇಳಿಸಿ, ಒಂದು ಸೀಮೆಎಣ್ಣೆ ಸ್ಟವ್ ಕೊಂಡು, ಅವ್ವ ಕೊಟ್ಟ ಹೊಸ ಹಿತ್ತಾಳೆ ಪಾತ್ರೆ ಹಿಡಿದು ಬೆಳಿಗ್ಗೆಯೇ ಹಾಲಿನ ಅಂಗಡಿಗೆ ಹೋದೆ. ಬಹಳ ದಿನಗಳ ಮೇಲೆ ಮನಸ್ಸು ಹಗುರಾಗಿತ್ತು. ಸಾಲಿನಲ್ಲಿ ನನ್ನ ಮುಂದೆ ಎತ್ತರದ ಹೆಂಗಸೊಬ್ಬಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಅಂಗಡಿಯವನು ಏನೋ ತಮಾಷೆ ಮಾಡಿದ. ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

“ಅಕ್ಕ” ಎಂದೆ.

ಆಕೆ ತಿರುಗಿ ನೋಡಿದಳು. ನನ್ನ ಗುರುತು ಹಿಡಿದಳು, ಮುಖ ಅರಳಿತು, ಆಮೇಲೆ ನನ್ನ ಕೈಯಲ್ಲಿದ್ದ ಹೊಸ ಪಾತ್ರೆ ನೋಡಿದಳು. ಮಗುವನ್ನು ಕೆಳಗಿಳಿಸಿ ತನ್ನ ಬೆನ್ನ ಹಿಂದೆ ಸರಿಸಿಕೊಂಡಳು, ನಾನೇನೋ ಕಚ್ಚುವ ಪ್ರಾಣಿ ಎಂಬಂತೆ.

“ಉಕ್ಕಿಸಿಬಿಟ್ಟಿಯೇನು?” ಎಂದಳು.

“ಇಲ್ಲಕ್ಕ. ಈಗ ಹಾಲು ತೊಗೊಳ್ಳಾಕ ಬಂದೆ.”

ಆಕೆ ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡಳು. ಅಂಗಡಿಯ ಬೆಂಚಿನ ಮೇಲೆ ಕೂತು, ಅದನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ಎರಡೂ ಕೈಯಿಂದ ಒತ್ತಿ ಹಿಡಿದಳು.

“ಅವ್ವ ಸತ್ಲೇನು?” ಎಂದು ಕೇಳಿದಳು.

“ಇಲ್ಲ. ಆರಾಮ ಅದಾಳ.”

“ಮತ್ತ ಯಾಕ ಕೂಗಲಿಲ್ಲ?”

ಮಗು ನನ್ನ ಲಂಗದ ಅಂಚು ಹಿಡಿದು ಎಳೆಯುತ್ತಿತ್ತು. ಅಕ್ಕ ಅಳಲಿಲ್ಲ. “ಮೂರು ವಾರ ಸುಮ್ಮನ ಕುಂತಳೇನು, ಮೂರು ವಾರ” ಎಂದು ತನಗೆ ತಾನೇ ಹೇಳಿಕೊಂಡಳು. ನಾನು ಕಾಲು ಜಾರಿ ಬಾವಿಗೆ ಬೀಳಬೇಕಾದವಳು ಕಟ್ಟೆಯ ಮೇಲೆಯೇ ಉಳಿದವಳಂತೆ ಅಂಗಡಿಯ ಕಂಬ ಹಿಡಿದು ನಿಂತೆ. ಇನ್ನು ಅರ್ಧ ತಾಸು ಹೋಗಿದ್ದರೆ ಈ ಸೆರಗು, ಈ ನಗು, ಮಗುವಿನ ತಲೆಯ ಮೇಲಿದ್ದ ಆ ಕೈ ಯಾವುದೂ ಇರುತ್ತಿರಲಿಲ್ಲ. ನಾನು ಮಾತ್ರ ಹಾಲು ಕುಡಿದು, ಬಾಯಿ ಒರೆಸಿಕೊಂಡು ಕೆಲಸ ಹುಡುಕಲು ಹೋಗುತ್ತಿದ್ದೆ.

ಆಕೆ ನನ್ನನ್ನು ಮನೆಗೆ ಕರೆದುಕೊಂಡು ಹೋದಳು. ಒಂಟಿಯಾಗಿ ಬಿಟ್ಟು ಬರಲು ಹೆದರಿಕೆಯಾಗಿರಬೇಕು. ಗಂಡ ಬಂದರಿನ ಗೋದಾಮಿನಲ್ಲಿ ಕೆಲಸಕ್ಕಿದ್ದವನು, ಅವತ್ತು ರಜೆ. ನಮ್ಮೂರಿನ ಕಟ್ಟಳೆ ಅವನಿಗೆ ಕಟ್ಟುಕತೆ. ನನ್ನನ್ನು ನೋಡಿ ಹಿರಿಹಿರಿ ಹಿಗ್ಗಿದ.

“ನಿಮ್ಮ ಕಡೆಯವರು ಒಬ್ಬರಾದ್ರೂ ಬಂದ್ರಲ್ಲ ಮಾರಾಯ್ತಿ. ಇವಳಿಗೆ ಯಾರೂ ಇಲ್ವೇನೋ ಅಂದ್ಕೊಂಡಿದ್ದೆ ನಾನು” ಎಂದ. ಅಕ್ಕ ಮಗುವಿನ ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು. ಅವನು ಅಡುಗೆಮನೆಗೆ ಹೋಗಿ ಸ್ಟವ್ ಹೊತ್ತಿಸಿ ಹಾಲಿಟ್ಟು, ನನ್ನನ್ನು ಕರೆದ. “ನಿಮ್ಮೂರ ಚಹಾ ಹೇಗಿರ್ತದೆ ನೋಡೋಣ, ನೀವೇ ಮಾಡಿ” ಎಂದು ಇಕ್ಕಳ ನನ್ನ ಕೈಗೆ ಕೊಟ್ಟು ಬೆಲ್ಲ ಹುಡುಕತೊಡಗಿದ. ಪರರ ಒಲೆಯಲ್ಲಿ ನಾನು ಉಕ್ಕಿಸಿದರೆ ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ನಮ್ಮೂರಿನಲ್ಲಿ ಯಾರೂ ಅದನ್ನು ಪರೀಕ್ಷೆ ಮಾಡಿ ನೋಡಿಲ್ಲ. ಹಾಲಿನ ಅಂಚಿನಲ್ಲಿ ಗುಳ್ಳೆ ಕಟ್ಟುತ್ತಿತ್ತು. ನನ್ನ ಕೈ ಇಕ್ಕಳಕ್ಕೆ ಅಂಟಿಕೊಂಡಂತಾಗಿತ್ತು. ಅಕ್ಕ ಒದ್ದೆ ಕೈಯಲ್ಲೇ ಓಡಿ ಬಂದು ಪಾತ್ರೆಯನ್ನು ಬರಿಗೈಯಿಂದ ಎತ್ತಿ ಮೋರಿಗೆ ಸುರಿದಳು. ಗಂಡ ಬೆಲ್ಲದ ಡಬ್ಬಿ ಹಿಡಿದು ಬಾಯಿ ಬಿಟ್ಟು ನಿಂತ. ಆಕೆಯ ಅಂಗೈ ಕೆಂಪಗಾಗಿ ಬೊಬ್ಬೆ ಎದ್ದಿತ್ತು. ಅದನ್ನು ಕೂಡ ನೋಡಿಕೊಳ್ಳದೆ ನನ್ನನ್ನು ಹೊರಗಿನ ಜಗಲಿಗೆ ಎಳೆದುಕೊಂಡು ಬಂದಳು.

“ಈಗಿಂದೀಗ ಹೋಗು. ಅವ್ವಗ ಹೇಳು, ನಾ ಅದೀನಿ ಅಂತ. ಸಿಟ್ಟಿದ್ರ ಬಂದು ಬಯ್ಯಲಿ, ಹೊಡೀಲಿ. ಸೋಮವಾರ ಕೂಗು ಅಂತ ಹೇಳು.”

“ನೀನೂ ಬಾ ಅಕ್ಕ. ನೀ ಎದುರಿಗೆ ಬಂದು ನಿಂತ್ರ ದೊಡ್ಡವ್ವ ಕರಗ್ತಾಳ.”

“ಒಲಿ ಎತ್ತಿಕೊಂಡು ಬಂದ್ರ ಇವರಿಬ್ಬರದೂ ಏನು ಗತಿ? ಒಲಿ ಇಲ್ಲೇ ಬಿಟ್ಟು ಬಂದ್ರ, ನಾ ಎಲ್ಲಿದ್ರೂ ಒಂದ. ಯಾರರ ಬಂದು ಉಕ್ಕಿಸಿದ್ರ ಮುಗೀತು. ಇಲ್ಲಿದ್ರ ಬಂದವರ ಕೈನಾದರೂ ಹಿಡಕೋಬಹುದು.”

ಅದೂ ಸರಿಯೇ. ಟ್ರಂಕನ್ನು ಕೋಣೆಯಲ್ಲೇ ಬಿಟ್ಟು ಹೋಗಿ ಆಮೇಲೆ ಬಂದು ಒಯ್ಯುತ್ತೇನೆ ಎಂದೆ. ಅಕ್ಕ ತಲೆ ಅಲ್ಲಾಡಿಸಿದಳು.

“ಬ್ಯಾಡ. ನಿನ್ನ ಟ್ರಂಕು ಈ ಊರಾಗ ಇರೂತನಕ ನನ್ನ ಜೀವ ಜೀವದಾಗ ಇರೂದಿಲ್ಲ. ತೊಗೊಂಡು ಹೋಗು ತಾಯಿ. ನಿನ್ನ ಕಾಲಿಗೆ ಬೀಳ್ತೀನಿ.”

ನಿಜವಾಗಿಯೂ ಬಗ್ಗಿದಳು. ಸೈಕಲ್ಲಿನ ಹಿಂದೆ ಓಡಿ ಓಡಿ ನನ್ನನ್ನು ಹಿಡಿದುಕೊಂಡಿದ್ದವಳು ನನ್ನ ಕಾಲಿಗೆ ಬಗ್ಗುವುದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಟ್ರಂಕು ಹೊರಿಸಿಕೊಂಡು ಬಸ್ ಹತ್ತಿದೆ. ಬಸ್ ತಿರುಗುವವರೆಗೂ ಆಕೆ ನಿಂತಿದ್ದಳು, ಕೈ ಬೀಸಲಿಲ್ಲ, ನಾನು ಇಳಿದುಬಿಡುತ್ತೇನೋ ಎಂದು ಕಾವಲು ಕಾಯುತ್ತಿದ್ದಳು.

ಶನಿವಾರ ಮಧ್ಯಾಹ್ನ ನಮ್ಮೂರಿನಲ್ಲಿ ಇಳಿದೆ. ಚಹಾದ ಅಂಗಡಿಯಿಂದ ಶ್ರೀಶೈಲ ಎದ್ದು ಬಂದು ಟ್ರಂಕಿನ ಇನ್ನೊಂದು ಹಿಡಿ ಹಿಡಿದುಕೊಂಡ. ಮನೆಯವರೆಗೂ ಹೊತ್ತು ತಂದ, ದಾರಿಯಲ್ಲಿ ಮೆಲ್ಲಗೆ ಕೇಳಿದ.

“ಯಾಕ ದಾಕ್ಷಿ, ಒಗ್ಗಲಿಲ್ಲೇನು ಊರು?”

ನೀಲಗಂಗವ್ವನಿಗೆ ಹೇಳುವ ಮೊದಲು ಇವನಿಗೆ ಹೇಳುವ ಹಾಗಿಲ್ಲ. “ಅದು ನನಗಲ್ಲ ಬಿಡೋ” ಎಂದೆ.

“ಹಾಲು ಉಕ್ಕಿಸಲಿಲ್ಲ?”

“ಇಲ್ಲ.”

ಅವನು ಮತ್ತೇನೂ ಕೇಳಲಿಲ್ಲ. ಟ್ರಂಕನ್ನು ಜೋಪಾನವಾಗಿ ನಮ್ಮ ಪಡಸಾಲೆಯಲ್ಲಿ ಇಳಿಸಿ, ಅವ್ವನಿಗೆ ನಮಸ್ಕಾರ ಮಾಡಿ ಹೋದ. ಅವ್ವ ತಲೆಯ ಮೇಲೆ ಕೈಹೊತ್ತು ಕೂತಳು. ಅವಳಿಗೂ ಏನೂ ಹೇಳದೆ ಪಕ್ಕದ ಮನೆಗೆ ಓಡಿದೆ.

ನೀಲಗಂಗವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ನೋಡಿದ್ದೇ ಆಕೆಯ ಕೈಯಿಂದ ಮೊರ ಜಾರಿತು. “ಏನು ಮಾಡಿ ಬಂದಿ?” ಎಂದು ಕೇಳಿದಳು. ಆ ದನಿ ನನಗೆ ಇವತ್ತಿಗೂ ಕೇಳಿಸುತ್ತದೆ.

“ಏನೂ ಮಾಡಿಲ್ಲ. ಅಕ್ಕ ಅದಾಳ. ಹಾಲು ಉಕ್ಕಿಸದ ಬಂದೀನಿ.”

ಆಕೆ ಅಲ್ಲೇ, ಚೆಲ್ಲಿದ ಜೋಳದ ಮೇಲೆಯೇ ಬಾಗಿ ಗೊಳೋ ಎಂದು ಅತ್ತಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಹಿರಿಯಳೆಂದು ಕೂಡ ನೋಡದೆ ಕೂಗಾಡಿದೆ. ಹೆತ್ತ ಮಗಳನ್ನು ಹೀಗೆ ಮಾಡುವುದಕ್ಕೆ ನಿನಗೆ ಮನಸ್ಸಾದರೂ ಹೇಗೆ ಬಂತು ಎಂದೆ.

“ಹೆದರಿ ಮನಿಗೆ ಬರ್ತಾಳ ಅಂತ ಮಾಡಿದೆನವ್ವ” ಎಂದಳು. “ಮೊದಲನೇ ವಾರ ಸುಮ್ಮನಿದ್ರ ಯಾರರ ಬಂದು ಯಾಕ ಅಂತ ಕೇಳ್ತಾರ, ಆಕಿಗೆ ಸುದ್ದಿ ಮುಟ್ಟಸ್ತಾರ, ಆಕಿ ಓಡಿ ಬರ್ತಾಳ ಅಂದ್ಕೊಂಡೆ. ಯಾರೂ ಕೇಳಲಿಲ್ಲ. ಎರಡನೇ ವಾರಾನೂ ಯಾರೂ ಕೇಳಲಿಲ್ಲ. ಮೂರನೇ ವಾರ ಕೂಗೋಣ ಅಂತಿದ್ದೆ, ನಾಲಗಿ ಏಳಲಿಲ್ಲ, ಸೋತಂಗ ಆಗ್ತೈತಿ ಅಂತ. ನೀ ಹೋಗೂದಿನ ಎಷ್ಟು ಸಲ ಕೇಳಿದೆ ನಿನಗ, ಏನರ ಕೇಳೂದೈತೇನು ಅಂತ. ನೀನೂ ಕೇಳಲಿಲ್ಲ.”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಊರಿಗೆ ಊರೇ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿತ್ತು. ಆ ಮರ್ಯಾದೆಯ ನಡುವೆ ಆಕೆ ಒಬ್ಬಳೇ ಕೂತು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಳು. ಸೋಮವಾರ ಖಂಡಿತ ಕೂಗುತ್ತೇನೆ ಎಂದು ನನ್ನ ತಲೆ ಮುಟ್ಟಿ ಹೇಳಿದಳು. ಊರಿಗೆ ತಾನೇ ಹೇಳುತ್ತೇನೆ, ಅಲ್ಲಿಯವರೆಗೆ ನೀನು ಆಡಬೇಡ ಎಂದೂ ಕೇಳಿಕೊಂಡಳು. ತಪ್ಪು ಮಾಡಿದವಳಿಗೆ ಅಷ್ಟಾದರೂ ಬಿಟ್ಟುಕೊಡಬೇಕೆನಿಸಿತು, ಒಪ್ಪಿಕೊಂಡೆ.

ಭಾನುವಾರ ಇಡೀ ದಿನ ನನ್ನನ್ನು ಬಿಡಲಿಲ್ಲ. ಹುಟ್ಟಿದ್ದು ಮೊಮ್ಮಗಳೆಂಬುದೇ ಆಕೆಗೆ ಗೊತ್ತಿರಲಿಲ್ಲ. ಕೂದಲು ಹೇಗಿದೆ, ಹಲ್ಲು ಬಂದಿವೆಯೋ, ಯಾರ ಹಾಗಿದ್ದಾಳೆ ಎಂದು ಕೇಳಿದ್ದನ್ನೇ ಕೇಳಿದಳು. ಹಳೆಯ ಸೀರೆ ತೆಗೆದು ಕೌದಿ ಹೊಲೆಯಲು ಕೂತಳು. ಮಗಳ ಅಂಗೈಗೆ ಬೊಬ್ಬೆ ಎದ್ದದ್ದನ್ನು ಕೇಳಿ ಮತ್ತೆ ಅತ್ತಳು. ಸೋಮವಾರವೂ ಅದೇ ಮಾತು, ಮಗಳು ಹಾಗೆ, ಮಗಳು ಹೀಗೆ, ಆಕೆ ಸಣ್ಣವಳಿದ್ದಾಗ ಹೀಗೆ ಮಾಡಿದ್ದಳು, ಆಕೆ ಬಂದರೆ ಇದನ್ನು ಮಾಡಿಹಾಕಬೇಕು. ಇಬ್ಬರೂ ನಗುತ್ತ ಕೌದಿಗೆ ಹೊಲಿಗೆ ಹಾಕುತ್ತಿದ್ದೆವು. ಹೆದರಿಕೆಯೆಲ್ಲ ಮುಗಿಯಿತು ಎಂದುಕೊಂಡಿದ್ದೆ.

ಸಂಜೆ ಕೂಗುಕಟ್ಟೆಗೆ ಹೋದೆವು. ನೀಲಗಂಗವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಕೆಳಗಿನ ಓಣಿಯಿಂದ ಶುರುವಾಯಿತು. ಒಂದೊಂದೇ ಮನೆಯವರು ಎದ್ದರು, ಕೂಗಿದರು, ಕೂತರು. ಪ್ರತಿ ವಾರ ಮುಖ ಬಾಡಿಸಿಕೊಂಡು ಹಿಂದೆ ಕೂರುತ್ತಿದ್ದ ಶ್ರೀಶೈಲನ ತಾಯಿ ಅವತ್ತು ಮುಂದೆ ಬಂದು ಕೂತಿದ್ದಳು. ಅವಳ ಸರದಿ ಬಂತು. ಎದ್ದು ಸೆರಗು ಹೊದ್ದುಕೊಂಡು, ಕೊರಳು ತುಂಬಿ ಕೂಗಿದಳು.

“ತೆಂಕಬಂದರು ನಮ್ಮದು. ಮಗ ಶ್ರೀಶೈಲ ಅದಾನ. ಇವತ್ತ ಮುಂಜಾನೆ ಒಳ್ಳೆ ಹೊತ್ತು ನೋಡಿ ಹಾಲು ಉಕ್ಕಿಸ್ಯಾನ, ತಂತಿ ಬಂದೈತಿ.”

ಟ್ರಂಕು. ನಮ್ಮೂರಿನಲ್ಲಿ ಟ್ರಂಕು ವಾಪಸ್ ಬಂದರೆ ಪಟ್ಟಣ ಬಿಟ್ಟಂತೆ. ಅವನು ನನ್ನ ಟ್ರಂಕು ಇಳಿಸಿ, ಕೇಳಬೇಕಾದ್ದೆಲ್ಲ ಕೇಳಿಕೊಂಡು, ಸೋಮವಾರದವರೆಗೂ ಕಾಯದೆ ಸಂಜೆಯ ಬಸ್ಸನ್ನೇ ಹತ್ತಿದ್ದ. ಎರಡು ವರ್ಷ ಕಾದವನು ಇನ್ನೆರಡು ದಿನ ಯಾಕೆ ಕಾಯುತ್ತಾನೆ? ಅವನ ತಾಯಿ ಸುತ್ತಲೂ ನೋಡಿ ನಗುತ್ತಿದ್ದಳು. ಪಕ್ಕದವರು ಅವಳ ಬೆನ್ನು ತಟ್ಟುತ್ತಿದ್ದರು.

ನೀಲಗಂಗವ್ವ ಸರದಿಯಿಲ್ಲದೆಯೇ ಎದ್ದಳು. “ತೆಂಕಬಂದರು ನಂದು” ಎಂದು ಕಿರುಚಿದಳು. “ನನ್ನ ಮಗಳು ಅಲ್ಲೇ ಅದಾಳ. ಸತ್ತಿಲ್ಲ. ನಾ ಸುಮ್ಮನ ಇದ್ದದ್ದು ಸುಳ್ಳು. ನನ್ನ ಮಗಳು ಅದಾಳ.”

ಎಲ್ಲರೂ ಆಕೆಯ ಕಡೆ ತಿರುಗಿದರು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಮೆಲ್ಲಗೆ, “ಹೆಸರು ಹೇಳವ್ವ” ಎಂದರು.

ಆಕೆ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಉಳಿಯಿತು. ಕೈ ಮುಂದೆ ಚಾಚಿ, ಗಾಳಿಯಲ್ಲಿ ಏನನ್ನೋ ಹಿಡಿಯುವವಳ ಹಾಗೆ ಬೆರಳು ಮಡಚಿದಳು. ಭಾನುವಾರ ಎಷ್ಟೋ ಸಲ ಆಕೆಯ ಬಾಯಲ್ಲಿ ಬಂದಿದ್ದ ಹೆಸರು. ಇವತ್ತು ಬೆಳಗಿನಿಂದ ನಾವಿಬ್ಬರೂ ಬರೀ ಮಗಳು, ಆಕೆ ಎಂದೇ ಮಾತಾಡಿದ್ದೆವು ಎಂಬುದು ನನಗೆ ಆಗ ಹೊಳೆಯಿತು. ಸುತ್ತ ಕೂತವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಶ್ರೀಶೈಲನ ತಾಯಿ ಮಾತ್ರ ಏನೂ ತಿಳಿಯದೆ ಅತ್ತಿತ್ತ ನೋಡುತ್ತಿದ್ದಳು.

ನೀಲಗಂಗವ್ವ ನನ್ನ ಹತ್ತಿರ ಬಂದು ನನ್ನ ಎರಡೂ ಭುಜ ಹಿಡಿದಳು.

“ನೀ ಹೇಳವ್ವ ದಾಕ್ಷಿ. ನೀ ಮೊನ್ನೆ ನೋಡಿ ಬಂದೀಯಲ್ಲ. ಆಕಿ ಹೆಸರೇನು?”

ನಾನು ಎದ್ದು ನಿಂತೆ. ಬೊಬ್ಬೆಯೆದ್ದ ಅಂಗೈ ಕಣ್ಣಮುಂದಿತ್ತು, ಬಾಯಿಗೆ ಅಡ್ಡ ಹಿಡಿದ ಸೆರಗು ಕಣ್ಣಮುಂದಿತ್ತು.

“ಅಕ್ಕ” ಎಂದೆ. ಅದರಾಚೆಗೆ ಏನೂ ಬರಲಿಲ್ಲ.